ಪಿಕ್ಚರಿನಲ್ಲಿ ಇಲ್ಲದ ಮಾತು

ನಮ್ಮ ಕಾಲೇಜಿನಲ್ಲಿ ತಿಂಗಳಿಗೊಬ್ಬ ಅಧ್ಯಾಪಕ ಪಠ್ಯಪುಸ್ತಕದ ಹೊರಗಿನ ಒಂದು ವಿಷಯದ ಮೇಲೆ ಮಾತಾಡುವ ಪದ್ಧತಿ ಇದೆ. ಈ ಮಳೆಗಾಲದಲ್ಲಿ ಸರದಿ ನನ್ನದಾಯಿತು. ಸೇಡಂನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಪಾಠ ಹೇಳಿಕೊಂಡು ಬಂದವನು ಯಾವುದೋ ಕವಿಯ ಬಗ್ಗೆ ಅರ್ಧ ಗಂಟೆ ಮಾತಾಡಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನನಗೆ ಮೊದಲಿನಿಂದಲೂ ದೊಡ್ಡಸ್ತಿಕೆಯ ಚಟ. ‘ಹಳೆಯ ಹಾಲಿವುಡ್ ಸಿನಿಮಾ: ಇವತ್ತಿನ ಕಣ್ಣಿನಲ್ಲಿ’ ಎಂದು ಹೆಸರು ಬರೆದುಕೊಟ್ಟೆ. ಮರುದಿನವೇ ಅದು ನೋಟೀಸ್ ಬೋರ್ಡಿಗೆ ಹೋಯಿತು.

ಅದಕ್ಕಾಗಿ ಮೂರು ವಾರ ರಜೆಯ ದಿನಗಳಲ್ಲೆಲ್ಲ ಕೂತು, ಹರೆಯದಲ್ಲಿ ಬಾಯಿ ತೆರೆದುಕೊಂಡು ನೋಡಿದ್ದ ಪಿಕ್ಚರುಗಳನ್ನು ಮತ್ತೆ ನೋಡಿದೆ. ಟಿಪ್ಪಣಿ ಬರೆಯುತ್ತ ಹೋದಂತೆ ಬೈಯುವ ಸುಖ ಏರುತ್ತ ಹೋಯಿತು. ಕಪ್ಪು ಮುಖದವನು ಬಂದರೆ ಕಳ್ಳ, ಇಲ್ಲವೇ ಮೊದಲು ಸಾಯುವವ. ನಮ್ಮ ಕಡೆಯವರನ್ನು ತೋರಿಸಿದರೆ ಹಾವು, ಆನೆ, ಸಲಾಮು. ನಾಯಕ ಒಂದು ಊರನ್ನೇ ಸುಟ್ಟು ಬಂದು ತಮಾಷೆಯ ಮಾತಾಡಿದರೆ ಅದು ಶೌರ್ಯ. ಹೆಂಗಸರಿಗೆ ಕಿರುಚುವುದೊಂದೇ ಕೆಲಸ. ಅಮೆರಿಕದವರ ತಪ್ಪು ಎಣಿಸುವಾಗ ನಮ್ಮದು ನೆನಪಾಗುವುದಿಲ್ಲ, ಆ ಕೆಲಸದ ಅನುಕೂಲವೇ ಅದು.

ಕೊನೆಗೆ ಉಳಿದದ್ದು ಒಂದು ಪಿಕ್ಚರ್. ಹಿಮ ಬೀಳುವ ಊರು, ಕೆಟ್ಟು ಕೆಳಗಿಳಿದ ವಿಮಾನ, ಗಾಯಗೊಂಡ ಪೈಲಟ್, ಅವನಿಗೆ ಪಟ್ಟಿ ಕಟ್ಟುವ ನರ್ಸ್. ವಾಸಿಯಾದವನು ಅವಳ ಬಾಗಿಲಿಗೆ ಬರುತ್ತಾನೆ, ಅವಳು ಮುಚ್ಚುತ್ತಾಳೆ. ಮತ್ತೆ ಬರುತ್ತಾನೆ, ಕಪಾಳಕ್ಕೆ ಹೊಡೆಯುತ್ತಾಳೆ. ಕೊನೆಗೆ ಅವಳ ಎರಡೂ ಕೈ ಹಿಡಿದು ಗೋಡೆಗೆ ಒತ್ತಿ ಮುದ್ದಿಡುತ್ತಾನೆ, ವಾದ್ಯ ಮೊಳಗುತ್ತದೆ, ಬಿಗಿದ ಅವಳ ಮುಷ್ಟಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಇದನ್ನು ನಾನು ಇಪ್ಪತ್ತರ ವಯಸ್ಸಿನಲ್ಲಿ ಬರೋಬ್ಬರಿ ಒಂಬತ್ತು ಸಲ ನೋಡಿದ್ದೆ. ಹೊರಗೆ ಮಳೆ, ಪಕ್ಕದ ಹೊಸ ಮನೆಯಲ್ಲಿ ಶಹಾಬಾದಿನ ಫರಸಿ ಕಲ್ಲು ಕೊಯ್ಯುತ್ತಿದ್ದರು, ನೆಂದ ಕಲ್ಲಿನ ಪುಡಿಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಕಪಾಳಮೋಕ್ಷದ ದೃಶ್ಯ ಹತ್ತಿರ ಬಂದಾಗ ನಾನು ನೆಟ್ಟಗೆ ಕೂತೆ.

ಬಟ್ಟೆ ಮಡಚುತ್ತ ಹಿಂದೆ ನಿಂತಿದ್ದ ಮಗಳು ಸುಧಾ ಕೇಳಿದಳು: “ಅಪ್ಪಾ, ಆಕಿ ಅಳಾಕತ್ತಾಳ. ನೀವ್ಯಾಕ ನಗಾಕತ್ತೀರಿ?”

ನಾನು ನಗುತ್ತಿದ್ದುದು ನನಗೇ ಗೊತ್ತಿರಲಿಲ್ಲ. ಮುಂದೆ ಬರುವ ಒಂದು ಮಾತಿಗಾಗಿ ಕಾಯುತ್ತಿದ್ದೆ. ಹೊಡೆದ ಮೇಲೆ ಆ ನರ್ಸ್ ಒಂದು ಮಾತು ಹೇಳುತ್ತಾಳೆ: “ಒಂದಾತು. ಇನ್ನ ಎರಡು ಸಲ ಬಾ, ನೋಡೂಣು.” ನನ್ನ ಇಪ್ಪತ್ತರ ಆ ಮಳೆಗಾಲದಲ್ಲಿ ಶಹಾಬಾದಿನಿಂದ ವಾಡಿಯವರೆಗೆ ಆ ಮಾತು ಆಡದ ಗಂಡಸು ಇರಲಿಲ್ಲ. ದೃಶ್ಯ ಬಂತು, ಹೋಯಿತು. ಮಾತು ಬರಲಿಲ್ಲ. ಹಿಂದಕ್ಕೆ ತಿರುಗಿಸಿ ನೋಡಿದೆ. ಮತ್ತೊಮ್ಮೆ ನೋಡಿದೆ. ಅವಳು ಹೇಳುತ್ತಿದ್ದುದು ಇಷ್ಟೇ: ನಿನಗೆ ಕೈ ಮುಗಿಯುತ್ತೇನೆ, ನನಗೆ ಹೆದರಿಕೆಯಾಗುತ್ತಿದೆ, ಹೋಗಿಬಿಡು.

ಟಿಪ್ಪಣಿಯ ಹಾಳೆ ಅಲ್ಲೇ ಮಡಚಿಟ್ಟೆ. ಆ ಮಾತು ಪಿಕ್ಚರಿನದಲ್ಲ, ನಾನು ಕಟ್ಟಿದ್ದು ಎಂಬುದು ಆಗ ನೆನಪಿಗೆ ಬಂತು. ಸುಳ್ಳನ್ನು ಅಷ್ಟು ಸಲ ಹೇಳಿ, ಅಷ್ಟು ಜನರ ಬಾಯಲ್ಲಿ ಕೇಳಿ, ಅದು ಪಿಕ್ಚರಿನದೇ ಎಂದು ನಾನೂ ನಂಬಿಬಿಟ್ಟಿದ್ದೆ.

ನಮ್ಮ ಹಳ್ಳಿ ಭಂಕೂರದ ಮಗ್ಗುಲಲ್ಲಿದೆ. ಹೆಸರು ಬರೆಯುವುದಿಲ್ಲ. ಅಲ್ಲಿಯ ಗಂಡಸರಿಗೆ ಒಂದೋ ಹೊಲ, ಇಲ್ಲವೇ ಕಲ್ಲಿನ ಖಣಿ. ಜೋರು ಮಳೆ ಹಿಡಿಯಿತೆಂದರೆ ಖಣಿಯ ತುಂಬ ನೀರು ನಿಲ್ಲುತ್ತದೆ, ಕೆಲಸ ಬಂದ್. ಆ ವರ್ಷ ಜೂನಿನ ಮಿರಗದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಸುತ್ತಿಗೆ ಹಿಡಿಯುವ ಕೈಗಳಿಗೆ ಕೆಲಸವಿಲ್ಲದೆ, ಜನ ಮಧ್ಯಾಹ್ನವಾದರೆ ಚೀಲದ ಕೊಪ್ಪೆ ಹೊದ್ದು ಶಹಾಬಾದಿನ ಹಾದಿ ಹಿಡಿಯುತ್ತಿದ್ದರು. ಅಲ್ಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಹಿಂಭಾಗದಲ್ಲಿ ಮಹಬೂಬಣ್ಣ ಎಂಬವನು ವಿಡಿಯೋ ಇಟ್ಟಿದ್ದ. ಒಂದು ಟಿವಿ, ಒಂದು ವಿಸಿಆರ್, ನೆಲಕ್ಕೆ ಹಾಸಿದ ಫರಸಿ. ಕಿಟಕಿಗೆ ಗೋಣಿತಟ್ಟು. ಅರವತ್ತು ಎಪ್ಪತ್ತು ಜನ ಒಬ್ಬರ ಮೊಣಕಾಲಿಗೆ ಒಬ್ಬರು ಆತು ಕೂರುತ್ತಿದ್ದರು. ಎಲ್ಲರ ಮೈಯಿಂದಲೂ ನೆಂದ ಕಲ್ಲಿನ ವಾಸನೆಯೇ.

ಕನ್ನಡದ, ಹಿಂದಿಯ ಕ್ಯಾಸೆಟ್ಟುಗಳೆಲ್ಲ ಹಳತಾದವು. ಹೈದರಾಬಾದಿನಿಂದ ಇಂಗ್ಲಿಷ್ ಪಿಕ್ಚರ್ ತಂದರೆ ಜನಕ್ಕೆ ತಿಳಿಯುವುದಿಲ್ಲ. ಆಗ ನಾನು ಬಿ.ಎ. ಎರಡನೆಯ ವರ್ಷ. ನಮ್ಮ ಇಡೀ ಊರಿನಲ್ಲಿ ಇಂಗ್ಲಿಷ್ ಓದುತ್ತಿದ್ದವನು ನಾನೊಬ್ಬನೇ. ಮಹಬೂಬಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ: “ನೀ ಟಿವಿ ಬಾಜೂಕ ಕುಂದ್ರು ಮಾಸ್ತರಾ. ಅವರು ಏನ್ ಮಾತಾಡ್ತಾರೋ ನಮ್ಮ ಮಂದಿಗಿ ಬಿಡಿಸಿ ಹೇಳು. ಬಸ್, ಅಷ್ಟ ಕೆಲಸ.”

ಮಾಸ್ತರ ಎಂದು ಕರೆಸಿಕೊಂಡದ್ದು ಅದೇ ಮೊದಲು. ನನ್ನ ತಲೆ ತಿರುಗಿತು. ನಿಜ ಹೇಳಬೇಕೆಂದರೆ ಆ ಇಂಗ್ಲಿಷಿನಲ್ಲಿ ಹತ್ತಕ್ಕೆ ಎರಡು ಮಾತು ನನಗೆ ತಿಳಿಯುತ್ತಿತ್ತು. ಉಳಿದ ಎಂಟನ್ನು ಅವರ ಮುಖ ನೋಡಿ ಕಟ್ಟುತ್ತಿದ್ದೆ. ಪರದೇಶದ ಹೆಸರುಗಳು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ನಮ್ಮೂರ ಹೆಸರು ಇಟ್ಟೆ. ಬರುಬರುತ್ತ ಅದೇ ಒಂದು ಪದ್ಧತಿಯಾಯಿತು: ಮುಂದಿನ ಸಾಲಿನ ನಡುವೆ ಯಾರು ಕೂತಿರುತ್ತಾರೋ ಆ ದಿನದ ನಾಯಕನಿಗೆ ಅವರ ಹೆಸರು. ಆ ಜಾಗಕ್ಕಾಗಿ ಜನ ಊಟ ಬಿಟ್ಟು ಬಂದು ಕೂರುತ್ತಿದ್ದರು. ಬಂದೂಕು ಹಿಡಿದು ಕುದುರೆ ಓಡಿಸುವವನು ತಾನೇ ಎಂದು ಕೇಳುತ್ತ ಒಬ್ಬ ಮುದುಕ ಕಣ್ಣೀರು ಹಾಕಿದ್ದ. ಆ ಕೆಲಸದಲ್ಲಿ ಸಂತೋಷವೂ ಇತ್ತು. ಅದನ್ನು ಇಲ್ಲವೆಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ.

ನರ್ಸಿನ ಪಿಕ್ಚರ್ ಬಂದ ದಿನ ಮುಂದಿನ ಸಾಲಿನ ನಡುವೆ ಕೂತಿದ್ದವನು ನಮ್ಮೂರ ಸಂಗಣ್ಣ. ಕಲ್ಲು ಸೀಳುವುದರಲ್ಲಿ ಅವನಂಥ ಕೈ ಇರಲಿಲ್ಲ, ಮಾತಿನಲ್ಲಿ ಮಾತ್ರ ಅವನಂಥ ಬಡವ ಇರಲಿಲ್ಲ. ಹೆಂಗಸರು ಎದುರಿಗೆ ಬಂದರೆ ದಾರಿ ಬಿಟ್ಟು ಹೊಲಕ್ಕಿಳಿಯುವ ಪ್ರಾಣಿ. ಪೈಲಟ್ಟಿಗೆ ಸಂಗಣ್ಣ ಎಂದು ಹೆಸರಿಟ್ಟ ಕೂಡಲೇ ಜನ ಹೋ ಎಂದರು. ನರ್ಸಿಗೆ ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. “ನಮ್ಮ ಸಿಸ್ಟರ್” ಎಂದೆ. ಶೆಡ್ಡು ಹಾರಿಹೋಗುವಂತೆ ಸಿಳ್ಳೆ ಬಿತ್ತು.

ನಮ್ಮ ಸಿಸ್ಟರ್ ಎಂದರೆ ರೇಣುಕಾ. ನಮ್ಮೂರ ಆರೋಗ್ಯ ಉಪಕೇಂದ್ರದ ನರ್ಸ್. ಚಿಂಚೋಳಿಯ ಕಡೆಯವಳು, ಮಾತಿನ ಕೊನೆಯಲ್ಲಿ ತೆಲುಗಿನ ಒಂದು ಎಳೆತವಿತ್ತು. ನಮ್ಮ ಮನೆಯ ಎದುರು ಒಂದೇ ಕೋಣೆಯಲ್ಲಿ ಒಬ್ಬಳೇ ಇದ್ದು, ಸೈಕಲ್ ಮೇಲೆ ಮೂರು ಹಳ್ಳಿ ತಿರುಗುತ್ತಿದ್ದಳು. ಅವ್ವನ ಪಾದದ ಮೇಲೆ ಫರಸಿಯ ಚೂರು ಬಿದ್ದು ಕೀವಾಗಿತ್ತು. ದಿನ ಬಿಟ್ಟು ದಿನ ಬಂದು ತೊಳೆದು ಪಟ್ಟಿ ಕಟ್ಟುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ತಮ್ಮಾ ಎನ್ನುತ್ತಿದ್ದಳು. ಅಂಥವಳ ಎಳೆತವನ್ನೇ ಕದ್ದು, ಸಣ್ಣ ದನಿ ಮಾಡಿ, ನಾನು ಪಿಕ್ಚರಿನ ನರ್ಸಿನ ಮಾತಾಡಿದೆ. ಅವಳು ಪರದೆಯ ಮೇಲೆ ಅಳುತ್ತ ಏನೋ ಹೇಳಿದಳು. ಏನೆಂದು ನನಗೆ ತಿಳಿಯಲಿಲ್ಲ. ಎಪ್ಪತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ತಿಳಿಯಲಿಲ್ಲ ಎನ್ನಲು ನಾಚಿಕೆ. “ಒಂದಾತು. ಇನ್ನ ಎರಡು ಸಲ ಬಾ, ನೋಡೂಣು” ಎಂದುಬಿಟ್ಟೆ. ಆ ನಗು ಇನ್ನೂ ಕಿವಿಯಲ್ಲಿದೆ. ಕ್ಯಾಸೆಟ್ಟನ್ನು ಒಂಬತ್ತು ದಿನ ಓಡಿಸಿದರು, ಒಂಬತ್ತು ದಿನವೂ ಆ ಮಾತು ಹೇಳಿಸಿಕೊಂಡರು. ಸಂಗಣ್ಣ ಒಂದು ದಿನವೂ ಆ ಜಾಗ ಬಿಟ್ಟುಕೊಡಲಿಲ್ಲ.

ಶ್ರಾವಣ ಹತ್ತಿತು. ಸಂಗಣ್ಣ ಟವೆಲಿನಲ್ಲಿ ಪೇರಲಹಣ್ಣು ಕಟ್ಟಿಕೊಂಡು ಸಿಸ್ಟರಿನ ಬಾಗಿಲಿಗೆ ಬಂದ. ಮದ್ದಿಗೆ ಬಂದಿದ್ದಾನೆಂದುಕೊಂಡು ಅವಳು “ಏನಾಗ್ಯದ ನಿಂಗ?” ಎಂದಳು. ಅವನು ಹಣ್ಣು ಹೊಸ್ತಿಲ ಮೇಲಿಟ್ಟು ಓಡಿಹೋದ. ಮರುದಿನ ಹಣ್ಣು ವಾಪಸು ಹೋಯಿತು, ಅದರ ಮರುದಿನ ಅವನು ಮತ್ತೆ ಬಂದ. ಎದುರಿಗೇ ಊರ ಕಟ್ಟೆ. ಕೆಲಸವಿಲ್ಲದ ಗಂಡಸರಿಗೆ ನೋಡಲಿಕ್ಕೆ ಇನ್ನೊಂದು ಪಿಕ್ಚರ್ ಸಿಕ್ಕಂತಾಯಿತು. “ಹೋಗು ಸಂಗ್ಯಾ, ಬಾಗ್ಲಾ ತಗೀತಾಳ” ಎಂದು ಹುರಿದುಂಬಿಸುತ್ತಿದ್ದರು. ನಾಗರಪಂಚಮಿ ಮುಗಿದ ವಾರ, ಒಂದು ಮಧ್ಯಾಹ್ನ, ಅವಳು ಸೈಕಲ್ ಇಳಿಯುತ್ತಿದ್ದಂತೆ ಅವನು ಅವಳ ಕೈ ಹಿಡಿದ. ಅವಳು ಕಪಾಳಕ್ಕೆ ಹೊಡೆದಳು. ಮಳೆಯಲ್ಲೂ ಸಪ್ಪಳ ಕೇಳಿಸಿತು.

“ಒಂದಾತು!” ಎಂದು ಕಟ್ಟೆಯ ಮೇಲಿಂದ ಯಾರೋ ಕೂಗಿದರು. “ಇನ್ನ ಎರಡು ಸಲ ಹೋಗು!”

ಎಲ್ಲರೂ ನಕ್ಕರು. ನಾನೂ ಕಟ್ಟೆಯ ಮೇಲಿದ್ದೆ, ನಾನೂ ನಕ್ಕೆ. ಅವಳು ತಿರುಗಿ ನೋಡಿದಳು. ಏತಕ್ಕೆ ನಗುತ್ತಿದ್ದಾರೆಂದು ಅವಳಿಗೆ ಅರ್ಥವಾಗಿರಲಿಲ್ಲ. ಆ ಪಿಕ್ಚರನ್ನು ಅವಳು ನೋಡಿಯೇ ಇರಲಿಲ್ಲ. ಶೆಡ್ಡಿಗೆ ಹೆಂಗಸರು ಬರುತ್ತಿರಲಿಲ್ಲ.

ಆಮೇಲೆ ಊರಿನ ಬಾಯಿಗೆ ಬೀಗವಿರಲಿಲ್ಲ. ಹೊಡೆದಳೆಂದರೆ ಮನಸ್ಸಿದೆ ಎಂದರು. ಸೊಸೆಯಂದಿರನ್ನು ಅವಳ ಹತ್ತಿರ ಕಳಿಸಲು ಅತ್ತೆಯಂದಿರು ಹಿಂದೆಮುಂದೆ ನೋಡಿದರು. ಒಂದು ದಿನ ಹಿರಿಯರು ಅವಳನ್ನೂ ಸಂಗಣ್ಣನನ್ನೂ ಕಟ್ಟೆಗೆ ಕರೆಸಿದರು. ಅವಳು ನಿಂತೇ ಹೇಳಿದಳು: “ಬ್ಯಾಡ ಅಂದೀನಿ, ಹಣ್ಣು ವಾಪಸ್ ಕೊಟ್ಟೀನಿ, ಹೊಡದೀನಿ. ಇನ್ನೇನ್ ಮಾಡಬೇಕಿತ್ತು, ಹೇಳ್ರಿ?”

ಒಬ್ಬ ಹಿರಿಯ ಗಡ್ಡ ಕೆರೆದುಕೊಂಡ. “ಹೊಡಿಯೂದ್ರಾಗೂ ಎರಡು ನಮೂನಿ ಇರ್ತದವಾ. ಆ ಇಂಗ್ಲಿಷ್ ಪಿಕ್ಚರ್‌ದಾಗ ನಿಮ್ಮಂಥಾ ಸಿಸ್ಟರ್ ಒಬ್ಬಾಕಿ ಹೊಡದು, ಇನ್ನ ಎರಡು ಸಲ ಬಾ ಅಂತಾಳಂತ. ಹುಡುಗ ಅದನ್ನ ಖರೇ ತಿಳದಾನ.”

ಅವಳು ಜನರ ನಡುವೆ ಕಣ್ಣಾಡಿಸಿ ನನ್ನನ್ನು ಹಿಡಿದಳು. “ತಮ್ಮಾ, ನೀ ಇಂಗ್ಲಿಷ್ ಬಲ್ಲವ. ಆಕಿ ಖರೇನೇ ಹಂಗ ಅಂತಾಳೇನು?”

ಇಷ್ಟೇ ಹೇಳಬೇಕಿತ್ತು: ಇಲ್ಲ ಸಿಸ್ಟರ್, ನನಗೆ ತಿಳಿಯಲಿಲ್ಲ, ನಾನು ಕಟ್ಟಿ ಹೇಳಿದೆ. ಆದರೆ ಅಷ್ಟು ಹೇಳಿದರೆ ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಇಡೀ ಊರಿಗೆ ಗೊತ್ತಾಗುತ್ತಿತ್ತು. ಮಾಸ್ತರ ಎಂಬ ಹೆಸರು ಆ ಕಟ್ಟೆಯ ಮೇಲೆಯೇ ಬಿದ್ದುಹೋಗುತ್ತಿತ್ತು. ಮಹಬೂಬಣ್ಣನ ಶೆಡ್ಡಿಗೆ ನಾನು ಮತ್ತೆ ಕಾಲಿಡುವಂತಿರಲಿಲ್ಲ. ಒಂದು ಹೆಣ್ಣಿನ ಬಾಳಿಗಿಂತ ಅದು ನನಗೆ ದೊಡ್ಡದಾಗಿ ಕಂಡಿತು.

“ಹೌದ್ರಿ ಸಿಸ್ಟರ್,” ಎಂದೆ. “ಹಂಗೇ ಅಂತಾಳ.”

“ಹಂಗಿದ್ರ ಅದು ಆಕಿ ಮಾತು. ನನ್ನ ಮಾತು ನಾ ಹೇಳೀನಿ,” ಎಂದು ಹೊರಟುಹೋದಳು.

ಹಿರಿಯರು ಸಂಗಣ್ಣನಿಗೆ ಬುದ್ಧಿ ಹೇಳಿದರು, ಸಿಸ್ಟರಿಗೆ ಬಾಗಿಲಲ್ಲಿ ನಿಲ್ಲಬೇಡವೆಂದು ಹೇಳಿದರು. ಇಬ್ಬರಿಗೂ ಸಮವಾಗಿ ಹೇಳಿ ದೊಡ್ಡ ನ್ಯಾಯ ಮಾಡಿದೆವೆಂದುಕೊಂಡರು. ದಸರೆಗೆ ಮೊದಲೇ ಅವಳು ಬೇರೆ ಕಡೆಗೆ ವರ್ಗ ಮಾಡಿಸಿಕೊಂಡಳು. ಹೋಗುವ ದಿನವೂ ಬೆಳಿಗ್ಗೆ ನಮ್ಮ ಮನೆಗೆ ಬಂದು ಅವ್ವನ ಪಾದ ತೊಳೆದು, ಇನ್ನು ಮುಂದೆ ತಾನೇ ಪಟ್ಟಿ ಕಟ್ಟಿಕೊಳ್ಳುವುದು ಹೇಗೆಂದು ಅವ್ವನಿಗೆ ಕಲಿಸಿದಳು. ನಾನು ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿದ್ದೆ. ನನ್ನ ಕಡೆ ನೋಡಲಿಲ್ಲ. ಗಾಯ ವಾಸಿಯಾಯಿತು. ಅವ್ವ ಸಾಯುವವರೆಗೂ ಆ ಕಲೆ ತೋರಿಸಿ ಸಿಸ್ಟರಿನ ಹೆಸರು ಹೇಳುತ್ತಿದ್ದಳು, ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ನಿವೃತ್ತಿಯ ನಂತರ ಅವಳು ಚಿತ್ತಾಪುರದಲ್ಲಿದ್ದಾಳೆಂದು ನನಗೆ ತಿಳಿದು ವರ್ಷಗಳೇ ಆಗಿದ್ದವು. ಸೇಡಂನಿಂದ ಚಿತ್ತಾಪುರ ಎಷ್ಟು ದೂರ? ಸಂತೆಗೆ ಹೋಗಿಬರುವಷ್ಟು. ಹೋಗಿರಲಿಲ್ಲ. ಮಗಳು ಆ ಪ್ರಶ್ನೆ ಕೇಳಿದ ಮುಂದಿನ ಭಾನುವಾರ ಹೋದೆ.

ಸಿಸ್ಟರ್ ಪಕ್ಕದ ಮನೆಯ ಅಜ್ಜಿಯೊಬ್ಬಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದಳು. ತಲೆಗೂದಲು ಪೂರಾ ಬೆಳ್ಳಗಾಗಿದೆ, ಎಳೆತ ಹಾಗೆಯೇ ಇದೆ. ಹೆಸರು ಹೇಳಿದೆ, ಊರು ಹೇಳಿದೆ. “ಕುಂದ್ರು” ಎಂದಳು. ಅಜ್ಜಿ ಹೋದ ಮೇಲೆ ನಾನು ಮೊಬೈಲಿನಲ್ಲಿ ಆ ದೃಶ್ಯ ತೆರೆದು ಅವಳ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ನೋಡಿದಳು.

“ಇದೇನಾ ಆ ಪಿಕ್ಚರು? ಏನಂತಾಳ ಈಗ?”

“ಕೈ ಮುಗೀತೀನಿ, ನನಗ ಅಂಜಿಕಿ ಬರಾಕತ್ತದ, ಹೋಗಿಬಿಡು ಅಂತಾಳ್ರಿ. ನಾ ಹೇಳಿದ ಮಾತು ಇದರಾಗ ಇಲ್ಲ. ನಂಗ ಅವತ್ತು ಇಂಗ್ಲಿಷ್ ತಿಳೀಲಿಲ್ಲ. ಕಟ್ಟಿ ಹೇಳಿದೆ. ಊರ ಕಟ್ಟಿ ಮ್ಯಾಲ ನೀವು ಕೇಳಿದಾಗೂ ಸುಳ್ಳ ಹೇಳಿದೆ.”

ದೃಶ್ಯ ಮುಂದೆ ಹೋಯಿತು. ಗೋಡೆ, ಮುಷ್ಟಿ, ವಾದ್ಯ.

“ಇಲ್ಲಿ ಏನಾತು?”

“ಒಪ್ಪಿದ್ಳು ಅಂತ ತೋರಸ್ತಾರ್ರಿ.”

ಅವಳು ಇನ್ನೊಮ್ಮೆ ಹಾಕಿಸಿ ನೋಡಿದಳು. “ಆಕಿ ಎಲ್ಲಿ ಒಪ್ಯಾಳ? ಬಾಜಾ ಒಪ್ಯದ,” ಎಂದು ಮೊಬೈಲ್ ವಾಪಸು ಕೊಟ್ಟಳು. ನನ್ನ ಮೂರು ವಾರದ ಟಿಪ್ಪಣಿಯಲ್ಲಿ ಇಷ್ಟು ಚೊಕ್ಕ ಮಾತು ಒಂದೂ ಇರಲಿಲ್ಲ.

“ತಪ್ಪಾತು ಸಿಸ್ಟರ್,” ಎಂದೆ.

“ಈ ಮಾತು ನನಗ್ಯಾಕ ಹೇಳಾಕತ್ತಿ ತಮ್ಮಾ? ನಾ ಒಪ್ಪಿಲ್ಲ ಅಂಬೂದು ನನಗ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರು ಕಟ್ಟಿ ಮ್ಯಾಲ ಕುಂತಾರ.” ಒಳಗೆ ಹೋಗಿ ಚಹಾ ತಂದಿಟ್ಟಳು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲವೆಂದೂ ಎನ್ನಲಿಲ್ಲ. ನಾನು ಆ ಚಹಾವನ್ನು ತಲೆ ಎತ್ತದೆ ಕುಡಿದೆ.

ಅಲ್ಲಿಂದ ನೇರವಾಗಿ ಊರಿಗೆ ಹೋದೆ. ಕಟ್ಟೆಗೆ ಈಗ ಸಿಮೆಂಟು ಬಳಿದಿದ್ದಾರೆ. ನಾಲ್ಕು ಜನ ಕೂತಿದ್ದರು, ಎಲ್ಲರೂ ನನ್ನ ಕಾಲದವರು. ಸಂಗಣ್ಣನೂ ಇದ್ದ. ಮದುವೆಯಾಗಿ, ಮಕ್ಕಳಾಗಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. “ಬರ್ರಿ ಮಾಸ್ತರ್ರೇ, ಭಾಳ ದಿನಕ್ಕ ಬಂದ್ರಿ,” ಎಂದು ಜಾಗ ಮಾಡಿಕೊಟ್ಟರು. ಒಬ್ಬ ನಗುತ್ತ, “ವರ್ಷಕ್ಕ ಒಂದ ಸಲ ಬಂದ್ರ ಹೆಂಗ? ಇನ್ನ ಎರಡು ಸಲ ಬರ್ರಿ, ನೋಡೂಣು,” ಎಂದ. ಉಳಿದವರೂ ನಕ್ಕರು. ಆ ಮಾತು ಊರಿನಲ್ಲಿ ಇನ್ನೂ ಬದುಕಿತ್ತು.

ನಾನು ಹೇಳಿದೆ. ಆ ಮಾತು ಪಿಕ್ಚರಿನಲ್ಲಿ ಇಲ್ಲವೆಂದು ಹೇಳಿದೆ.

“ಹೋಗ್ರಿ ಮಾಸ್ತರ್ರೇ,” ಎಂದ ಆ ಮಾತಾಡಿದ್ದವನು. “ನಮ್ಮ ಕಿವಿಲೆ ನಾವೇ ಕೇಳೀವಿ, ಒಂಬತ್ತು ದಿನ.”

“ನೀವು ಕೇಳಿದ್ದು ನನ್ನ ಬಾಯಿಂದ.”

ಮೊಬೈಲ್ ತೆಗೆದು ದೃಶ್ಯ ಹಾಕಿದೆ. ಅವರು ನೋಡಿದರು, ನನ್ನ ಮುಖ ನೋಡಿದರು. ಇಂಗ್ಲಿಷ್ ಅವರಿಗೆ ಅಂದೂ ತಿಳಿಯುತ್ತಿರಲಿಲ್ಲ, ಇಂದೂ ತಿಳಿಯುವುದಿಲ್ಲ. ಮತ್ತೆ ನನ್ನ ಮಾತನ್ನೇ ನಂಬಬೇಕಿತ್ತು. ಹೀಗಾಗಿ ಟಿವಿಯ ಪಕ್ಕ ಕೂರುತ್ತಿದ್ದಂತೆಯೇ ಕೂತು, ಮೊದಲಿನಿಂದ ಬಿಡಿಸಿ ಹೇಳಿದೆ. ಈ ಸಲ ಯಾರ ಹೆಸರನ್ನೂ ಇಡಲಿಲ್ಲ, ದನಿ ಸಣ್ಣ ಮಾಡಲಿಲ್ಲ. ಕೈ ಮುಗಿಯುತ್ತೇನೆ ಎನ್ನುತ್ತಾಳೆ. ಹೆದರಿಕೆಯಾಗುತ್ತಿದೆ ಎನ್ನುತ್ತಾಳೆ. ಹೋಗಿಬಿಡು ಎನ್ನುತ್ತಾಳೆ. ಅವತ್ತು ಸಿಸ್ಟರ್ ಕೇಳಿದಾಗ ಇದೇ ಜಾಗದಲ್ಲಿ ನಾನು ಸುಳ್ಳು ಹೇಳಿದೆ ಎಂದೂ ಹೇಳಿದೆ. ಯಾರೂ ನಗಲಿಲ್ಲ. ಒಬ್ಬ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಸಂಗಣ್ಣ ಮಾತ್ರ ಮೊಬೈಲಿನ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಮೊಮ್ಮಗಳು ಅವನ ಗಡ್ಡ ಎಳೆಯುತ್ತಿತ್ತು, ಅವನಿಗೆ ಅದರ ಪರಿವೆ ಇರಲಿಲ್ಲ. ತನ್ನ ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡ.

“ನಾ ಇಷ್ಟ ವರ್ಷ ಎಲ್ಲರ ಮುಂದ ನಕ್ಕೋತ ಹೇಳಕೋತ ಬಂದೀನ್ರಿ, ಆ ಸಿಸ್ಟರ್ ನಂಗ ಒಂದ ಸಲ ಹೊಡದಿದ್ಳು, ಇನ್ನ ಎರಡು ಬಾಕಿ ಉಳದಾವ ಅಂತ,” ಎಂದ. ಆಮೇಲೆ ನನ್ನ ಕಡೆ ತಿರುಗಿದ. “ಹಂಗಾದ್ರ ಆಕಿ ಬ್ಯಾಡಂತ ಖರೇನೇ ಹೊಡದಿದ್ಳೇನ್ರಿ?”

“ಹೌದು ಸಂಗಣ್ಣ,” ಎಂದೆ. “ಖರೇನೇ ಹೊಡದಿದ್ಳು.”